ನಮ್ಮ ಪುಟವನ್ನು ನಾವೇ ಬರೆಯುವದು

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆಯತಕ್ಕ ಲೇಖನವು ಹೇಗಿರಬೇಕೆಂಬದಕ್ಕೆ ನಮ್ಮಲ್ಲಿ ಒಂದು ವಾಡಿಕೆ ಉಂಟು. ಶಾಲೆಯ ಪೂರ್ವಚರಿತ್ರೆ, ಪರೀಕ್ಷೆಯ ಫಲಿತಾಂಶ, ಮಾಡಿನ ಹಂಚು ಬದಲಾಯಿಸಿದ ಖರ್ಚು, ದಾನಿಗಳಿಗೆ ವಂದನೆ, ಇಷ್ಟಾದರೆ ಮುಗಿಯಿತು. ಅವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ ಈ ಸಾರಿ ನಾನು ಬೇರೊಂದು ವಿಷಯವನ್ನು ವಾಚಕರ ಮುಂದಿಡಲು ಅಪೇಕ್ಷಿಸುತ್ತೇನೆ. ಅದೇನೆಂದರೆ, ನಮ್ಮ ಎಂಟನೆಯ ಒಂಬತ್ತನೆಯ ತರಗತಿಯ ಹುಡುಗಿಯರು ಒಂದು ಜಾಲತಾಣವನ್ನು, ಎಂದರೆ ವೆಬ್‌ಸೈಟನ್ನು, ಮೊದಲಿನಿಂದ ಕೊನೆಯ ವರೆಗೆ ತಮ್ಮ ಕೈಯಿಂದಲೇ ಬರೆಯಲು ಕಲಿಯಬೇಕೋ ಬೇಡವೋ ಎಂಬದು. ಬೇಕೆಂಬದು ನನ್ನ ಅಭಿಪ್ರಾಯ. ಬೇಡವೆನ್ನುವವರು ನಮ್ಮ ಪಾಲಕರಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ಇದ್ದಾರೆ. ಅವರ ಮಾತಿಗೂ ತಕ್ಕ ಬೆಲೆ ಕೊಟ್ಟೇ ಬರೆಯುತ್ತೇನೆ.

ಈ ವಿಚಾರವು ನನ್ನ ತಲೆಗೆ ಹತ್ತಿದ್ದು ಪುಸ್ತಕ ಓದಿ ಅಲ್ಲ, ಮಾನ ಹೋಗುವಂಥ ಒಂದು ಪ್ರಸಂಗದಿಂದ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಗೂ ಒಂದು ವೆಬ್‌ಸೈಟು ಇರಬೇಕೆಂದು ನಿಶ್ಚಯವಾಗಿ, ಅಂಥ ಕೆಲಸ ಮಾಡುವವರೊಬ್ಬರಿಗೆ ಹಣ ಕೊಟ್ಟು ಮಾಡಿಸಿದೆವು. ಅಂದವಾಗಿಯೇ ಇತ್ತು. ಹಳೆಯ ವಿದ್ಯಾರ್ಥಿನಿಯರು ಕಳುಹಿಸಿದ ಭಾವಚಿತ್ರಗಳೂ ನೆನಪಿನ ಬರಹಗಳೂ ಅದರಲ್ಲಿ ಸೇರಿದ್ದವು. ಆದರೆ ಅದರ ವಿಳಾಸದ ಹೆಸರನ್ನು, ಎಂದರೆ ಡೊಮೇನನ್ನು, ಅವರು ಶಾಲೆಯ ಹೆಸರಿನಲ್ಲಿ ನೋಂದಾಯಿಸದೆ ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿದ್ದರು. ಡೊಮೇನೆಂಬದು ಕ್ರಯಕ್ಕೆ ಕೊಂಡ ಸ್ಥಳವಲ್ಲ, ಗೇಣಿಯ ಸ್ಥಳ. ಅವಧಿ ಮುಗಿಯುವದರೊಳಗೆ ಹಣ ಕಟ್ಟಿ ನವೀಕರಿಸಬೇಕು. ಕಟ್ಟದಿದ್ದರೆ ಕೆಲವು ದಿವಸ ಕಾದಿದ್ದು ಆಮೇಲೆ ಅದು ಮೊದಲು ಕೇಳಿದವರ ಪಾಲಾಗುವದು. ಇದನ್ನು ನಾವು ಯಾರೂ ಅರಿಯೆವು. ಮಾಡಿಕೊಟ್ಟವರು ಊರು ಬಿಟ್ಟರು. ಫೋನಿಗೆ ಉತ್ತರ ನಿಂತಿತು. ದಾಖಲಾತಿಯ ದಿನಗಳಲ್ಲಿ ಒಂದು ಬೆಳಿಗ್ಗೆ ಒಬ್ಬ ತಾಯಿಯು ನನ್ನ ಕೋಣೆಗೆ ಬಂದು, ತನ್ನ ಫೋನನ್ನು ಮೇಜಿನ ಮೇಲಿಟ್ಟು, ‘ಇದೇನು ಟೀಚರೇ?’ ಎಂದು ಕೇಳಿದಳು. ಮೇಲ್ಗಡೆ ನಮ್ಮ ಶಾಲೆಯ ವಿಳಾಸ. ಕೆಳಗಡೆ ಹಣ ಕಟ್ಟಿ ಆಡುವ ಜೂಜಿನ ಜಾಹೀರಾತು.

ಆ ರಾತ್ರಿ ನನಗೆ ನನ್ನ ಅಜ್ಜಿಯ ನೆನಪಾಯಿತು. ಆಕೆಗೆ ಅಕ್ಷರ ಬಾರದು. ಅಜ್ಜನು ಘಟ್ಟದ ಮೇಲಿನ ಕಾಫಿ ತೋಟದಲ್ಲಿ ಕೆಲಸಕ್ಕಿದ್ದನು. ಆತನ ಕಾಗದ ಬಂದರೆ ಅಂಚೆಯವನೇ ಜಗಲಿಯಲ್ಲಿ ಕೂತು ಓದಿ ಹೇಳಬೇಕು. ನೆರೆಯವರು ಬೇಲಿಯ ಬಳಿಯಲ್ಲಿ ನಿಂತು ಕೇಳುವರು. ಉತ್ತರವನ್ನೂ ಅವನೇ ಬರೆದುಕೊಡಬೇಕು. ಮನೆಯಲ್ಲಿ ಅಕ್ಕಿ ಮುಗಿದ ದಿವಸದಲ್ಲಿಯೂ ಅದನ್ನು ಪರರ ಕೈಯಿಂದ ಬರೆಯಿಸಲು ನಾಚಿ, ‘ನಾವೆಲ್ಲರೂ ಕ್ಷೇಮ’ ಎಂದೇ ಬರೆಯಿಸುತ್ತಿದ್ದಳಂತೆ. ಆಕೆ ತನ್ನ ಮಗಳನ್ನು, ಎಂದರೆ ನನ್ನ ತಾಯಿಯನ್ನು, ಹಟ ಹಿಡಿದು ಮಿಶನ್ ಶಾಲೆಗೆ ಸೇರಿಸಿದ್ದು ದೊಡ್ಡ ಉದ್ಯೋಗದ ಆಸೆಯಿಂದಲ್ಲ. ಕಾಗದವನ್ನು ಮನೆಯೊಳಗೇ ಓದಿಸಿಕೊಳ್ಳುವದಕ್ಕಾಗಿ. ಎರಡು ತಲೆಮಾರು ಕಳೆದು, ಟ್ರೈನಿಂಗು ಮುಗಿಸಿ ನೂರಾರು ಹುಡುಗಿಯರಿಗೆ ಪಾಠ ಹೇಳಿದ ನಾನು, ನನ್ನ ಶಾಲೆಯ ಸಂಗತಿಯನ್ನು ಲೋಕಕ್ಕೆ ತಿಳಿಸಬೇಕಾದಲ್ಲಿ ಪುನಃ ಆ ಜಗಲಿಯಲ್ಲಿಯೇ ಕೂತಿದ್ದೆನಲ್ಲಾ ಎಂದು ನನಗೆ ವ್ಯಥೆಯಾಯಿತು.

ಆಮೇಲೆ ನಾನೇ ಕಲಿಯಲು ಕೂತೆನು. ನಲವತ್ತು ದಾಟಿದವಳು ಹೊಸ ಅಕ್ಷರಮಾಲೆ ಹಿಡಿದರೆ ಹೇಗಿರುವದೆಂಬದನ್ನು ಈ ಪ್ರಾಯದ ವಾಚಕರು ಊಹಿಸಿಕೊಳ್ಳಲಿ. ಆದರೆ ನಾನು ಹೆದರಿದಷ್ಟು ಕಷ್ಟ ಅದರಲ್ಲಿ ಇರಲಿಲ್ಲವೆಂಬದನ್ನು ಮೊದಲು ಹೇಳಬೇಕು. ವೆಬ್ ಪುಟವೆಂಬದು ಮೂಲತಃ ಬರಿಯ ಬರಹ. ನಡುನಡುವೆ, ಗಣಿತದಲ್ಲಿ ‘ಕಡಿಮೆ’ ‘ಹೆಚ್ಚು’ ಎಂಬದಕ್ಕೆ ನಾವು ಹಾಕುವ ಆ ಎರಡು ಮೊನೆ ಗುರುತುಗಳ ಒಳಗೆ ಚಿಕ್ಕ ಇಂಗ್ಲಿಷ್ ಶಬ್ದಗಳನ್ನಾಗಲಿ ಒಂದೊಂದು ಅಕ್ಷರವನ್ನಾಗಲಿ ಬರೆಯುತ್ತಾರೆ. ಇವಕ್ಕೆ ಟ್ಯಾಗುಗಳೆಂದು ಹೆಸರು. ‘ಪಿ’ ಎಂದು ಬರೆದರೆ ಇಲ್ಲಿಂದ ಒಂದು ಪರಿಚ್ಛೇದ ಆರಂಭವಾಯಿತೆಂದೂ, ಅದನ್ನೇ ಒಂದು ಓರೆಗೆರೆ ಸೇರಿಸಿ ಬರೆದರೆ ಇಲ್ಲಿಗೆ ಮುಗಿಯಿತೆಂದೂ ಅರ್ಥ. ‘ಎಚ್ 1’ ಎಂದರೆ ದೊಡ್ಡ ತಲೆಬರಹ. ‘ಎ’ ಎಂದರೆ ಬೇರೊಂದು ಪುಟಕ್ಕೆ ಕೊಂಡಿ. ಈ ಬರವಣಿಗೆಯ ಕ್ರಮಕ್ಕೆ ಎಚ್‌ಟಿಎಂಎಲ್ ಎಂದು ಹೆಸರು. ಒಟ್ಟು ಟ್ಯಾಗುಗಳು ನೂರಕ್ಕೆ ಸ್ವಲ್ಪ ಹೆಚ್ಚು ಇದ್ದರೂ ಹದಿನೈದನ್ನು ಬಲ್ಲವಳು ಮರ್ಯಾದೆಯಾದ ಒಂದು ಪುಟವನ್ನು ಬರೆಯಬಲ್ಲಳು. ಬರೆಯಲು ಬೇಕಾದದ್ದು ಕಂಪ್ಯೂಟರಿನೊಡನೆ ಬರುವ ನೋಟ್‌ಪ್ಯಾಡು. ನೋಡಲು ಬೇಕಾದದ್ದು ಯಾವದಾದರೊಂದು ಬ್ರೌಸರು. ಅಂತರ್ಜಾಲದ ಸಂಪರ್ಕವೂ ಆರಂಭದಲ್ಲಿ ಬೇಡ. ಬಣ್ಣ, ಅಕ್ಷರದ ಗಾತ್ರ, ಅಂಚಿನ ಅಳತೆ ಮುಂತಾದ ಅಲಂಕಾರವೆಲ್ಲಾ ಸಿಎಸ್‌ಎಸ್ ಎಂಬ ಎರಡನೆಯ ಪಾಠ. ಗುಂಡಿ ಒತ್ತಿದರೆ ಏನಾದರೂ ನಡೆಯಬೇಕೆಂದಾದರೆ ಜಾವಾಸ್ಕ್ರಿಪ್ಟ್ ಎಂಬ ಮೂರನೆಯದು. ಮೂರನೆಯದಕ್ಕೆ ಅವಸರ ಪಡಬಾರದೆಂದು ನನ್ನ ಅಭಿಪ್ರಾಯ.

ಇದನ್ನು ಕಲ್ಪಿಸಿದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷರು ಜಿನೀವದ ಬಳಿಯ ಸರ್ನ್ ಎಂಬ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವರು. 1989ರಲ್ಲಿ ಯೋಚನೆಯನ್ನು ಬರೆದುಕೊಟ್ಟರು. 1991ರಲ್ಲಿ ಮೊದಲನೆಯ ತಾಣವು ಲೋಕಕ್ಕೆ ತೆರೆಯಿತು. ಅದರಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ. ಬರಹ ಮತ್ತು ಕೊಂಡಿಗಳು ಮಾತ್ರ. ಅದನ್ನಿಟ್ಟಿದ್ದ ಯಂತ್ರವನ್ನು ಯಾರೂ ಆರಿಸಬಾರದೆಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯೊಂದನ್ನು ಅದಕ್ಕೆ ಅಂಟಿಸಿದ್ದರು. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಅಂಥ ಚೀಟಿಗಳನ್ನು ನೋಡಿ ನಕ್ಕವರಿಗೆ ಇದನ್ನು ಹೇಳುತ್ತಿದ್ದೇನೆ. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ವಿದ್ಯೆಯ ಮೇಲೆ ಯಾವ ಹಕ್ಕನ್ನೂ ಇಟ್ಟುಕೊಳ್ಳದೆ ಸರ್ವರಿಗೂ ಬಿಟ್ಟುಕೊಟ್ಟಿತು. ಆದಕಾರಣ ನಮ್ಮ ಹುಡುಗಿಯೊಬ್ಬಳು ಒಂದು ಪುಟ ಬರೆದರೆ ಅದಕ್ಕಾಗಿ ಯಾರಿಗೂ ಕಾಸು ಕೊಡಬೇಕಾಗಿಲ್ಲ, ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.

ಇನ್ನು ಆಕ್ಷೇಪಗಳು. ಒಂದನೆಯದು ಇಂಗ್ಲಿಷಿನದು. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಇದು ಎಟಕದು ಎನ್ನುವರು. ಉಚಿತವಾಗಿ ದೊರೆಯುವ ಒಳ್ಳೆಯ ಪಾಠಗಳು, ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ಮುಂತಾದವು, ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಇರುವದು ನಿಜ. ಅದು ನಿಜವಾದ ತೊಡಕು, ಇಲ್ಲವೆನ್ನಲಾರೆನು. ಆದರೆ ಟ್ಯಾಗುಗಳ ಇಂಗ್ಲಿಷು ಬೇರೆ, ಮಾತಿನ ಇಂಗ್ಲಿಷು ಬೇರೆ. ನಮ್ಮ ತರಗತಿಯಲ್ಲಿ ಮೊದಲು ಎಡವಿದವಳು ಇಂಗ್ಲಿಷಿನಲ್ಲಿ ಎಲ್ಲರಿಗಿಂತ ಮುಂದಿದ್ದವಳೇ. ಬಣ್ಣ ಎಂಬ ಇಂಗ್ಲಿಷ್ ಶಬ್ದಕ್ಕೆ ನಾವು ಪಾಠದಲ್ಲಿ ಕಲಿಸುವ ವರ್ಣಾನುಕ್ರಮದಲ್ಲಿ ‘ಯು’ ಅಕ್ಷರ ಉಂಟು. ಸಿಎಸ್‌ಎಸ್‌ನಲ್ಲಿ ಅಮೇರಿಕದ ಕ್ರಮದಂತೆ ಅದು ಇಲ್ಲ. ಆಕೆ ಸರಿಯಾಗಿಯೇ ಬರೆದಳು, ಅಕ್ಷರಗಳು ಕರಿಯವಾಗಿಯೇ ಉಳಿದವು. ತಪ್ಪೆಂದು ಬ್ರೌಸರು ಹೇಳುವದೂ ಇಲ್ಲ. ತನಗೆ ತಿಳಿಯದ್ದನ್ನು ಮೆಲ್ಲಗೆ ದಾಟಿ ಹೋಗುವದು ಅದರ ಸ್ವಭಾವ. ಅರ್ಧ ಗಂಟೆ ಹುಡುಕಿ, ಇಂಗ್ಲಿಷಿನಲ್ಲಿ ಮೂವತ್ತೈದು ಅಂಕ ದಾಟಲು ಒದ್ದಾಡುವ ಇನ್ನೊಬ್ಬಳು ಪುಸ್ತಕದ ಮಾದರಿಯನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ ಅದನ್ನು ಕಂಡುಹಿಡಿದಳು. ಆ ಮಗುವಿನ ಮುಖವನ್ನು ನಾನು ಮರೆಯಲಾರೆನು.

ನಮ್ಮಲ್ಲಿ ಮೂವರಿಗೊಂದು ಯಂತ್ರ. ಆದ್ದರಿಂದ ಮೊದಲು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯುವದು, ಆಮೇಲೆ ಒಬ್ಬಳು ಹೇಳುವದು, ಒಬ್ಬಳು ಟೈಪು ಮಾಡುವದು, ಮೂರನೆಯವಳು ತಪ್ಪು ಹಿಡಿಯುವದು, ಹೀಗೆ ಕ್ರಮ ಮಾಡಿದೆವು. ಬಡತನದಿಂದ ಬಂದ ಈ ಕ್ರಮವೇ ಒಳ್ಳೆಯದೆಂದು ಈಗ ನನಗೆ ತೋರುತ್ತದೆ. ಯಾಕಂದರೆ ಆರಂಭದಲ್ಲಿ ಆಗುವ ತಪ್ಪುಗಳು ಬುದ್ಧಿಯ ತಪ್ಪುಗಳಲ್ಲ, ಕಣ್ಣಿನ ತಪ್ಪುಗಳು. ಪುಟವನ್ನು ಬರೆದು ಉಳಿಸಿದ್ದಾಗಿದೆ, ತೆರೆದರೆ ಬರಿಯ ಟ್ಯಾಗುಗಳೇ ಕಾಣುತ್ತವೆ. ನೋಡಿದರೆ ನೋಟ್‌ಪ್ಯಾಡು ಫೈಲಿನ ಹೆಸರಿನ ಕೊನೆಗೆ ತನ್ನ ಬಾಲವನ್ನೂ ಸೇರಿಸಿರುತ್ತದೆ, ವಿಂಡೋಸ್ ಆ ಬಾಲವನ್ನು ಮರೆಮಾಡಿರುತ್ತದೆ. ಒಬ್ಬಳ ಪುಟದಲ್ಲಿ ಗಂಟೆಗೋಪುರದ ಚಿತ್ರವು ಅವಳ ಯಂತ್ರದಲ್ಲಿ ಕಾಣುತ್ತದೆ, ಇತರರಲ್ಲಿ ಕಾಣುವದಿಲ್ಲ; ಆಕೆ ಕೊಟ್ಟ ವಿಳಾಸ ಅವಳ ಯಂತ್ರದ ‘ಸಿ’ ಡ್ರೈವಿನದು, ಲೋಕದ ಮಿಕ್ಕವರು ಅಲ್ಲಿಗೆ ಹೋಗಲಾರರು. ಅದನ್ನು ತಿದ್ದಿ ಅಂತರ್ಜಾಲಕ್ಕೆ ಏರಿಸಿದರೆ ಪುನಃ ಕಾಣದು. ಈ ಸಾರಿ ಚಿತ್ರದ ಹೆಸರಿನಲ್ಲಿ ದೊಡ್ಡ ಅಕ್ಷರ, ಪುಟದಲ್ಲಿ ಸಣ್ಣ ಅಕ್ಷರ. ವಿಂಡೋಸಿಗೆ ಎರಡೂ ಒಂದೇ. ಹೆಚ್ಚಿನ ಸರ್ವರುಗಳು ಲಿನಕ್ಸಿನವಾದ್ದರಿಂದ ಅವಕ್ಕೆ ಅವು ಎರಡು ಬೇರೆ ಹೆಸರುಗಳು. ಇಷ್ಟು ಕಷ್ಟಪಟ್ಟವಳಿಗೆ, ತನ್ನ ಯಂತ್ರದಲ್ಲಿ ಇರುವದಕ್ಕೂ ಲೋಕದಲ್ಲಿ ಇರುವದಕ್ಕೂ ಇರುವ ವ್ಯತ್ಯಾಸವನ್ನು ಬೇರೆ ಉಪನ್ಯಾಸದಿಂದ ತಿಳಿಸಬೇಕಾಗಿಲ್ಲ.

ಎಲ್ಲಕ್ಕಿಂತ ದುಃಖದ ತಪ್ಪು ಕನ್ನಡದ್ದು. ಒಬ್ಬಳು ತನ್ನ ಅಜ್ಜಿಯಿಂದ ಕೇಳಿ ಬರೆದುಕೊಂಡ ಅಡಿಗೆಯ ಕ್ರಮಗಳನ್ನೆಲ್ಲಾ ಕನ್ನಡದಲ್ಲಿ ಟೈಪು ಮಾಡಿ ಉಳಿಸಿದಳು. ಮರುದಿನ ತೆರೆದರೆ ಪುಟವಿಡೀ ಪ್ರಶ್ನಾರ್ಥಕ ಚಿಹ್ನೆಗಳು! ನಮ್ಮ ಹಳೆಯ ಯಂತ್ರದ ನೋಟ್‌ಪ್ಯಾಡು ಆನ್ಸಿ ಎಂಬ ಹಳೆಯ ಕ್ರಮದಲ್ಲಿ ಉಳಿಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಯಂತ್ರವು ಒಂದು ಎಚ್ಚರಿಕೆ ಕೊಟ್ಟಿತ್ತು, ಹುಡುಗಿ ಓದದೆ ‘ಸರಿ’ ಒತ್ತಿದಳು. 2019ರಿಂದ ಈಚೆಗಿನ ವಿಂಡೋಸಿನಲ್ಲಿ ನೋಟ್‌ಪ್ಯಾಡು ತಾನಾಗಿಯೇ ಯುಟಿಎಫ್-8 ಎಂಬ ಕ್ರಮವನ್ನು ಹಿಡಿಯುತ್ತದೆ, ಅದರಲ್ಲಿ ಈ ಅಪಾಯವಿಲ್ಲ. ಆ ಹೆಸರನ್ನು ಪುಟದ ತಲೆಯಲ್ಲಿಯೂ ಒಂದು ಸಾಲಿನಲ್ಲಿ ಬರೆಯಬೇಕು. ಭಾಷೆ ಕನ್ನಡವೆಂದು ತಿಳಿಸಲು ‘ಕೆ ಎನ್’ ಎಂಬ ಎರಡಕ್ಷರವನ್ನೂ ಬರೆಯಬೇಕು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಯಂತ್ರವು ಅದನ್ನು ನೋಡಿ ಕನ್ನಡದ ಉಚ್ಚಾರಣೆಯನ್ನು ಆರಿಸಿಕೊಳ್ಳುವದು. ಅವರಿಗಾಗಿಯೇ ಪ್ರತಿಯೊಂದು ಚಿತ್ರಕ್ಕೂ ಒಂದು ಸಾಲು ವಿವರಣೆ ಬರೆಯುವ ಪದ್ಧತಿಯನ್ನು ನಾನು ಕಡ್ಡಾಯ ಮಾಡಿದ್ದೇನೆ. ಕನ್ನಡ ಪ್ರಬಂಧಕ್ಕೆ ಇದರಿಂದಾದ ಪ್ರಯೋಜನವನ್ನು ನಮ್ಮ ಕನ್ನಡ ಪಂಡಿತರೇ ಒಪ್ಪಿಕೊಂಡರು.

ಯುನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ, 1991ರಲ್ಲಿ, ನಮ್ಮ ಲಿಪಿಗೆ ಸ್ಥಾನ ದೊರಕಿತ್ತು. ಆದರೂ ಬಹು ವರ್ಷಗಳ ವರೆಗೆ ಕನ್ನಡವನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ ಫಾಂಟುಗಳಿಂದ ಬರೆಯುತ್ತಿದ್ದೆವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಕಲಸುಮೇಲೋಗರ. ‘ಕ್ಷ’ ಎಂಬದು ಯಂತ್ರಕ್ಕೆ ಒಂದಕ್ಷರವಲ್ಲ, ಕಕಾರ, ಹಲಂತದ ಗುರುತು, ಷಕಾರ ಎಂಬ ಮೂರು ಎಂದು ತಿಳಿದಾಗ ಹುಡುಗಿಯರು ಹಿಗ್ಗಿದರು. ವ್ಯಾಕರಣ ಪಾಠದಲ್ಲಿ ನಾನು ಅದನ್ನೇ ಹೇಳುವಾಗ ಯಾರೂ ಹಿಗ್ಗುವದಿಲ್ಲ. ಅದು ಹಾಗಿರಲಿ. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ಕನ್ನಡದಲ್ಲಿ ಮೊದಲನೆಯ ವೃತ್ತಪತ್ರಿಕೆ ಅದು. ಅದೇ 1843ರಲ್ಲಿ ಇಂಗ್ಲೆಂಡಿನಲ್ಲಿ ಏಡಾ ಲವ್‌ಲೇಸ್ ಎಂಬ ಸ್ತ್ರೀಯು, ಇನ್ನೂ ಕಟ್ಟಿಯೇ ಇರದ ಬ್ಯಾಬೇಜರ ಲೆಕ್ಕದ ಯಂತ್ರದ ವಿಷಯವಾಗಿ ಟಿಪ್ಪಣಿಗಳನ್ನು ಬರೆದು, ಯಂತ್ರಕ್ಕೆ ಕ್ರಮವಾಗಿ ಆಜ್ಞೆ ಕೊಡುವದು ಹೇಗೆಂದು ತೋರಿಸಿದಳು. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಆ ಇಸವಿಯನ್ನು ಕರಿಹಲಗೆಯ ಮೇಲೆ ಬರೆದಿಟ್ಟು ತರಗತಿಯನ್ನು ಆರಂಭಿಸುವದು ನನಗೆ ಇಷ್ಟ.

ಎರಡನೆಯ ಆಕ್ಷೇಪವು ಗಟ್ಟಿಯಾದದ್ದು. ಸಿದ್ಧವಾದ ಅಚ್ಚುಗಳಿರುವಾಗ, ಅದಕ್ಕಿಂತಲೂ ಹೆಚ್ಚಾಗಿ ಒಂದು ವಾಕ್ಯ ಹೇಳಿದರೆ ಇಡೀ ಪುಟವನ್ನೇ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು 2022ರ ಅಂತ್ಯದಿಂದ ಸರ್ವರ ಕೈಗೂ ಬಂದಿರುವಾಗ, ಈ ಪೆನ್ಸಿಲಿನ ಅಭ್ಯಾಸ ಯಾಕೆ? ನಮ್ಮ ಗಣಿತದ ಟೀಚರೇ ಇದನ್ನು ಕೇಳಿದರು. ಆಗ ನಾವು ಪರೀಕ್ಷಿಸಿ ನೋಡಿದೆವು. ಯಂತ್ರವು ಒಂದು ನಿಮಿಷದೊಳಗೆ ಸೊಗಸಾದ ಪುಟವನ್ನು ಕೊಟ್ಟಿತು. ಅದರಲ್ಲಿ ನಾವು ಹೇಳದಿದ್ದ ಸ್ಥಾಪನೆಯ ವರ್ಷವೂ, ನಾನು ಬರೆಯದಿದ್ದ ನನ್ನ ಸಂದೇಶವೂ ಇದ್ದವು. ಇವು ಯಾರ ಕಣ್ಣಿಗಾದರೂ ಬೀಳತಕ್ಕವು. ಕೆಳಗಡೆ ಪಾಲಕರು ತಮ್ಮ ಪ್ರಶ್ನೆಗಳನ್ನು ಬರೆದು ಕಳುಹಿಸತಕ್ಕ ಒಂದು ಚೌಕಟ್ಟು ಇತ್ತು. ಒಂಬತ್ತನೆಯ ತರಗತಿಯವಳೊಬ್ಬಳು ಕಂಟ್ರೋಲ್ ಮತ್ತು ‘ಯು’ ಒತ್ತಿ ಪುಟದ ಹಿಂಬದಿಯ ಬರಹವನ್ನು ಓದುತ್ತಾ ಹೋಗಿ, ‘ಟೀಚರೇ, ಇದು ಎಲ್ಲಿಗೂ ಹೋಗುವದಿಲ್ಲ’ ಎಂದಳು. ನಿಜವೇ. ಬರೆದದ್ದು ಎಲ್ಲಿಗೆ ತಲಪಬೇಕೆಂಬ ಸ್ಥಳವು ಬರಿದಾಗಿತ್ತು, ತಳವಿಲ್ಲದ ಅಂಚೆಪೆಟ್ಟಿಗೆ. ಪಾಲಕರು ಬರೆದು ಕಾಯುತ್ತಿದ್ದರು. ನಾವು ಉತ್ತರ ಕೊಡದವರೆಂದು ಹೆಸರು ಪಡೆಯುತ್ತಿದ್ದೆವು. ಆ ಯಂತ್ರವನ್ನು ನಾನು ನಿಷೇಧಿಸಿಲ್ಲ. ಅದು ಬರೆದದ್ದನ್ನು ಓದಿ ತಪ್ಪು ಹಿಡಿಯಬಲ್ಲವಳ ಕೈಗೆ ಮಾತ್ರ ಕೊಡುತ್ತೇನೆ. ಅಂಚೆಯವನು ಒಳ್ಳೆಯವನಾಗಿರಬಹುದು, ನನ್ನ ಅಜ್ಜಿಯ ಅಂಚೆಯವನೂ ಕೆಟ್ಟವನಲ್ಲ.

ಪುಟದ ಹಿಂಬದಿಯನ್ನು ಓದುವ ಈ ಅಭ್ಯಾಸದಿಂದ ನನಗೇ ಒಂದು ಸಾರಿ ಪಾಠವಾಯಿತು. ಒಬ್ಬ ತುಂಟಿಯು ತನ್ನ ಪುಟದಲ್ಲಿ ನನ್ನ ವಿಷಯವಾಗಿ ಒಂದು ವಾಕ್ಯವನ್ನು ಬಿಳಿಯ ನೆಲದ ಮೇಲೆ ಬಿಳಿಯ ಅಕ್ಷರದಲ್ಲಿ ಬರೆದು ಅಡಗಿಸಿದ್ದಳು. ವಾಕ್ಯವೇನೆಂದು ಇಲ್ಲಿ ಬರೆಯುವದಿಲ್ಲ. ಅಷ್ಟೊಂದು ಸುಳ್ಳೂ ಅಲ್ಲ. ಶಿಕ್ಷಿಸುವದಕ್ಕೆ ಬದಲಾಗಿ ಅದನ್ನೇ ಪಾಠ ಮಾಡಿದೆನು: ವೆಬ್ ಪುಟದಲ್ಲಿ ಬರೆದದ್ದು ಯಾವದೂ ಗುಟ್ಟಾಗಿರುವದಿಲ್ಲ, ಓದುವವರ ಯಂತ್ರಕ್ಕೆ ಇಡೀ ಬರಹ ಹೋಗಿಯೇ ಹೋಗುವದು. ಹೆಣ್ಣುಮಕ್ಕಳ ಕ್ಷೇಮದ ವಿಷಯವಾಗಿ ಪಾಲಕರಿಗಿರುವ ಭಯಕ್ಕೂ ನನ್ನ ಉತ್ತರ ಇದೇ. ಭಯ ಯೋಗ್ಯವಾದದ್ದು. ಹುಡುಗಿಯರ ಪುಟಗಳಲ್ಲಿ ಮುಖದ ಚಿತ್ರವಿಲ್ಲ, ಮನೆಯ ವಿಳಾಸವಿಲ್ಲ, ಫೋನಿನ ಸಂಖ್ಯೆಯಿಲ್ಲ, ಪೂರ್ಣ ಹೆಸರಿಲ್ಲ. ಪುಟಗಳನ್ನು ಇಡುವ ಉಚಿತ ಸ್ಥಳದ ಖಾತೆಯು ಉಪಾಧ್ಯಾಯಿನಿಯದು. ಆದರೆ ಮಕ್ಕಳ ಕೈಯಲ್ಲಿ ದಿನವಿಡೀ ಫೋನು ಕೊಟ್ಟು, ಅದರ ಒಳಗೆ ಏನಿದೆಯೆಂದು ಕಲಿಯುವದು ಮಾತ್ರ ಅಪಾಯವೆನ್ನುವ ಪಾಲಕರ ನ್ಯಾಯ ನನಗೆ ತಿಳಿಯದು.

ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಅಡ್ಡಿಯಾಗುವದೆಂಬವರಿಗಾಗಿ ಆ ತರಗತಿಯನ್ನು ಬಿಟ್ಟಿದ್ದೇನೆ. ಕೋಡಿಂಗ್ ಕಲಿತರೆ ಲಕ್ಷಗಟ್ಟಲೆ ಸಂಬಳವೆಂದು ಚಿಕ್ಕ ಮಕ್ಕಳ ತಂದೆತಾಯಿಗಳಿಗೆ ಆಸೆ ತೋರಿಸುವ ಜಾಹೀರಾತುಗಳನ್ನು ನಾನೂ ನೋಡಿದ್ದೇನೆ. ಅಂಥ ಮಾತನ್ನು ನಾನು ಯಾರಿಗೂ ಕೊಡುವದಿಲ್ಲ. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಈ ಕೆಲಸದಿಂದ ಅನ್ನ ಸಂಪಾದಿಸಲಾರರು. ಕೆಲವರು ದರ್ಜಿಯ ಅಂಗಡಿಯನ್ನೋ ಬೇಕರಿಯನ್ನೋ ನಡಿಸುವರು, ನರ್ಸುಗಳಾಗುವರು, ಟೀಚರುಗಳಾಗುವರು. ಅವರಲ್ಲೊಬ್ಬಳು ಮುಂದೆ ತನ್ನ ಅಂಗಡಿಗೆ ಪುಟ ಮಾಡಿಸಲು ಯಾರ ಬಳಿಗಾದರೂ ಹೋದಾಗ, ‘ಡೊಮೇನು ಯಾರ ಹೆಸರಿನಲ್ಲಿ?’ ಎಂದು ಮೊದಲು ಕೇಳಿದರೆ ನನ್ನ ಸಂಬಳ ಸಂದಿತು.

ಶಾಲೆಯ ಹೊಸ ತಾಣವು ಈಗ ನಾಲ್ಕು ಪುಟಗಳದ್ದು. ಹಳೆಯದರ ಅಂದ ಇದಕ್ಕಿಲ್ಲ. ತಲೆಬರಹದ ನೀಲಿ ಬಣ್ಣದ ವಿಷಯವಾಗಿ ತರಗತಿಯಲ್ಲಿ ಮತ ತೆಗೆದುಕೊಂಡರು, ನಾನು ಸೋತ ಪಕ್ಷದಲ್ಲಿದ್ದೆನು. ಸಣ್ಣ ಫೋನಿನಲ್ಲಿಯೂ ಕೂಡಲೇ ತೆರೆಯುತ್ತದೆ. ಹೊಸ ಹೆಸರು ಶಾಲೆಯ ಹೆಸರಿನಲ್ಲಿಯೇ ನೋಂದಣಿಯಾಗಿದೆ. ನವೀಕರಣದ ತಾರೀಖನ್ನು ಕಟ್ಟಡದ ತೆರಿಗೆಯ ತಾರೀಖಿನ ಕೆಳಗೆ ಆಫೀಸಿನ ರಿಜಿಸ್ಟರಿನಲ್ಲಿ ಬರೆದಿಟ್ಟಿದೆ, ಗುಪ್ತಪದವು ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯೊಳಗೆ ಇದೆ.

ಹಳೆಯ ತಾಣದ ಬರಹಗಳಲ್ಲಿ ಕೆಲವು, ಲೋಕದ ವೆಬ್ ಪುಟಗಳ ಪ್ರತಿಗಳನ್ನು ಕಾದಿಡುವ ಇಂಟರ್ನೆಟ್ ಆರ್ಕೈವಿನಲ್ಲಿ ನಮಗೆ ಸಿಕ್ಕಿದವು. ಚಿತ್ರಗಳು ಹೆಚ್ಚಾಗಿ ಸಿಕ್ಕಲಿಲ್ಲ. ಹಾಸ್ಟೆಲಿನ ಹಳೆಯ ಅಡಿಗೆಮನೆಯ ಚಿತ್ರವೂ, ನೆಲ್ಲಿಕಾಯಿ ಮರದ ಕೆಳಗೆ ತೆಗೆದ ಹಳೆಯ ತಂಡಗಳ ಚಿತ್ರಗಳೂ ಹೋದುವು. ಅವನ್ನು ಆಗ ಕಳುಹಿಸಿದ್ದ ಹಳೆಯ ವಿದ್ಯಾರ್ಥಿನಿಯರಲ್ಲಿ ಪ್ರತಿಗಳಿದ್ದರೆ ದಯವಿಟ್ಟು ಪುನಃ ಕಳುಹಿಸಬೇಕು. ನೆನಪಿನ ಬರಹಗಳನ್ನು ಕಾಗದದ ಮೇಲೆ ಕೈಯಲ್ಲಿ ಬರೆದು ಕಳುಹಿಸಿದರೂ ಸರಿಯೇ. ಶನಿವಾರ ಮಧ್ಯಾಹ್ನ ಒಂಬತ್ತನೆಯ ತರಗತಿಯವರು ಕೂತು ಟೈಪು ಮಾಡಿಕೊಳ್ಳುವರು.